ಅಕ್ಕನ ಹೆಸರಿಗೆ ಚಿನ್ನದ ಬಣ್ಣ

ನಮ್ಮ ಚರ್ಚಿನ ಹಿಂದುಗಡೆ ಮೊದಲು ಶಟಲ್ ಕೋರ್ಟ್ ಇತ್ತು. ಈಗ ಅಲ್ಲಿ ಸತ್ತವರ ತೋಟವಿದೆ. ಬೋರ್ಡಿನ ಮೇಲೆ ಬರೆದಿರುವುದು ಮೆಮೋರಿಯಲ್ ಗಾರ್ಡನ್ ಎಂದು, ಬಾಯಲ್ಲಿ ಮಾತ್ರ ಎಲ್ಲರಿಗೂ ಅದು ತೋಟ. "ತೋಟಕ್ಕೆ ಹೋಗಿ ಬಂದ್ರಾ?" ಎಂದು ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬರನ್ನೊಬ್ಬರು ಕೇಳುತ್ತಾರೆ, ಸೊಪ್ಪು ತರಲು ಹೋಗಿ ಬಂದಿರಾ ಎನ್ನುವ ಹಾಗೆ.

ಅಲ್ಲಿ ಯಾರನ್ನೂ ಹೂತಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೂಳುವ ಜಾಗ ದೂರದಲ್ಲಿದೆ. ಅಲ್ಲಿ ಜಾಗ ಸಾಲದೆ, ಕೆಲವು ವರ್ಷ ಕಳೆದರೆ ಅದೇ ಗುಂಡಿಗೆ ಇನ್ನೊಬ್ಬರು ಬರುತ್ತಾರೆ. ಹೆಸರಾದರೂ ಒಂದು ಕಡೆ ನಿಲ್ಲಲಿ ಎಂದು ಹಿಂದಿನ ಫಾದರ್ ಈ ತೋಟ ಮಾಡಿಸಿದರು. ಗೋಡೆಯ ಉದ್ದಕ್ಕೂ ಕರಿ ಗ್ರಾನೈಟ್ ಕಲ್ಲುಗಳು, ಪ್ರತಿ ಕಲ್ಲಿನ ಮುಂದೆ ಒಂದು ಹೂಕುಂಡ, ಮಧ್ಯೆ ಕ್ರೋಟನ್ ಗಿಡಗಳು, ಮೂಲೆಯಲ್ಲಿ ಒಂದು ದೇವಕಣಗಿಲೆ ಮರ. ಗಾಳಿ ಇಲ್ಲದಿದ್ದರೂ ಆ ಮರ ಹೂ ಉದುರಿಸುತ್ತದೆ. ಗೋಡೆಯ ಆಚೆ ಸ್ಕೂಟರ್ ಗ್ಯಾರೇಜ್. ಅಲ್ಲಿ ಯಾರಾದರೂ ಎಂಜಿನ್ ರೈಸ್ ಮಾಡಿದರೆ ಈಚೆ ಕಲ್ಲುಗಳು ಸಣ್ಣಗೆ ನಡುಗುತ್ತವೆ. ಕೈಯಿಟ್ಟು ನೋಡಿದ್ದೇನೆ. ಒಳಗೆ ಯಾರೋ ಬಾಯಿ ಮುಚ್ಚಿಕೊಂಡು ಗುನುಗುತ್ತಿರುವ ಹಾಗಿರುತ್ತದೆ.

ಗಂಡ ಹೆಂಡತಿಗೆ ಒಂದೇ ಕಲ್ಲು ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಒಬ್ಬರು ಹೋದಾಗಲೇ ಇಬ್ಬರ ಹೆಸರನ್ನೂ ಕೆತ್ತಿಸಿಬಿಡುವುದು, ಒಂದೇ ಕೈ ಕೆತ್ತಿದರೆ ಅಕ್ಷರ ಒಂದೇ ಸಮ ಬರುತ್ತದೆಂದು. ಹೋದವರ ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬುತ್ತಾರೆ. ಇರುವವರ ಹೆಸರನ್ನು ಬಣ್ಣವಿಲ್ಲದೆ ಕಲ್ಲಿನ ಕಪ್ಪಿನಲ್ಲೇ ಬಿಡುತ್ತಾರೆ. ದೂರದಿಂದ ಅದು ಕಾಣುವುದಿಲ್ಲ, ಹತ್ತಿರ ಹೋಗಿ ಬಗ್ಗಿದರೆ ಕಾಣುತ್ತದೆ.

ಭಾವ ತೀರಿಕೊಂಡಾಗ ನನ್ನ ಅಕ್ಕನೂ ಹಾಗೆಯೇ ಮಾಡಿಸಿದಳು. ಭಾವ ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು, ಮಾತು ಕಡಿಮೆ, ಒಣಮೀನು ಎಂದರೆ ಪ್ರಾಣ. ಅಕ್ಕನಿಗೆ ಅದರ ವಾಸನೆಯೇ ಆಗದು. ಮದುವೆಯಾದಷ್ಟು ಕಾಲವೂ ಮೂಗಿಗೆ ಸೆರಗು ಕಟ್ಟಿಕೊಂಡೇ ಅದನ್ನು ಹುರಿದುಕೊಟ್ಟವಳು. ಮಕ್ಕಳಿರಲಿಲ್ಲ. ಭಾವ ಹೋದ ಮೇಲೆ ಅವಳು ಬಸವೇಶ್ವರನಗರದ ನನ್ನ ಮನೆಗೆ ಬಂದಳು. ನಾನು ಮದುವೆಯಾಗದೆ ಟೀಚರ್ ಆಗಿಯೇ ರಿಟೈರ್ ಆದವಳು. ಮುಂದಿನ ಪೋರ್ಷನ್ನು ಬಾಡಿಗೆಗೆ, ಹಿಂದಿನ ಪೋರ್ಷನ್ನಿನಲ್ಲಿ ನಾವಿಬ್ಬರು.

ಪ್ರತಿ ಭಾನುವಾರ ಅಕ್ಕ ತೋಟಕ್ಕೆ ಹೋಗಿ ಭಾವನ ಹೆಸರಿನ ಧೂಳು ಒರೆಸಿ, ತನ್ನ ಹೆಸರನ್ನೂ ಸೆರಗಿನಿಂದ ಒರೆಸಿಕೊಳ್ಳುವಳು.

"ನೋಡೇ, ನನ್ನ ಹೆಸರು ಎಷ್ಟು ನೀಟಾಗಿ ಬಂದಿದೆ! ನಿಂಗೆ ಈ ಯೋಗ ಇಲ್ಲ ಬಿಡು."

"ಬೇಡಮ್ಮಾ ತಾಯಿ. ನನ್ನ ಹೆಸರು ಗ್ಯಾಸ್ ಬುಕ್ಕಲ್ಲಿ ಇದ್ರೆ ಸಾಕು" ಎನ್ನುತ್ತಿದ್ದೆ ನಾನು.

ಎರಡು ವರ್ಷದ ಹಿಂದಿನ ಆಲ್ ಸೋಲ್ಸ್ ಡೇ. ಸತ್ತವರೆಲ್ಲರನ್ನೂ ನೆನೆಯುವ ಆ ನವೆಂಬರ್ ದಿನಕ್ಕೆ ಮುಂಚೆ ತೋಟವನ್ನು ಚೊಕ್ಕ ಮಾಡುವುದು ಚರ್ಚಿನ ಹೆಂಗಸರ ಸಂಘದ ಕೆಲಸ. ಆ ವರ್ಷ, ಮಾಸಿದ ಅಕ್ಷರಗಳಿಗೆ ಬಣ್ಣವನ್ನೂ ತಾವೇ ತುಂಬುತ್ತೇವೆಂದು ಹೊರಟರು. ಎಲ್ಲರೂ ನನ್ನ ಪ್ರಾಯದವರು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರೇ ಹೆಚ್ಚು. ಸಣ್ಣ ಬ್ರಶ್ ಹಿಡಿದು, ಸೊಸೆಯಂದಿರ ವಿಷಯ ಮಾತಾಡುತ್ತಾ, ಬೆರಳಿಗೆ ತಗ್ಗು ಸಿಕ್ಕಿದ ಕಡೆಯೆಲ್ಲ ಚಿನ್ನ ತುಂಬುತ್ತಾ ಹೋದರು. ಬೇರೆ ಜೋಡಿ ಕಲ್ಲುಗಳಲ್ಲಿ ಇರುವವರ ಹೆಸರಿನ ಮೇಲೆ ಮನೆಯವರು ಹುಷಾರಾಗಿ ಟೇಪ್ ಅಂಟಿಸಿದ್ದರು. ಅಕ್ಕ ಅಂಟಿಸಿರಲಿಲ್ಲ. ಅವಳಿಗೆ ತನ್ನ ಹೆಸರು ಕಾಣಬೇಕಿತ್ತು.

ಸಂಜೆ ಕತ್ತಲಾಗುವ ಹೊತ್ತಿಗೆ ಎಲ್ಲ ಕಲ್ಲುಗಳ ಮುಂದೆ ಕ್ಯಾಂಡಲ್ ಹಚ್ಚಿ, ಸೇವಂತಿಗೆ ಇಟ್ಟು ನಿಂತೆವು. ಹೊಸ ಫಾದರ್ ಬಂದು ಎರಡು ತಿಂಗಳೂ ಆಗಿರಲಿಲ್ಲ, ಯಾರು ಯಾರೆಂದು ಅವರಿಗೆ ತಿಳಿಯದು. ಒಂದೊಂದು ಕಲ್ಲಿನ ಮುಂದೆ ನಿಂತು, ಚಿನ್ನದ ಬಣ್ಣದಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿ, ತೀರ್ಥ ಚಿಮುಕಿಸುತ್ತಾ ಬಂದರು. ನಮ್ಮ ಕಲ್ಲಿನ ಮುಂದೆ ಭಾವನ ಹೆಸರು ಓದಿದರು. ಆಮೇಲೆ ಅಕ್ಕನ ಹೆಸರು ಓದಿದರು.

ಒಂದೇ ಕ್ಷಣದ ಮಾತು. ಅಷ್ಟರಲ್ಲಿ ಜನರೆಲ್ಲ ಅಭ್ಯಾಸಬಲದಿಂದ, "ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ" ಎಂದುಬಿಟ್ಟರು. ತೀರ್ಥದ ಹನಿ ಕಲ್ಲಿಗೂ ಬಿತ್ತು, ಪಕ್ಕದಲ್ಲಿ ನಿಂತಿದ್ದ ಅಕ್ಕನ ಮುಖಕ್ಕೂ ಬಿತ್ತು. ನಾನು ತಿರುಗಿ ನೋಡಿದೆ. ಅಕ್ಕನ ತುಟಿಯೂ ಆಡುತ್ತಿತ್ತು. ಎಲ್ಲರೊಂದಿಗೆ ಅವಳೂ ತನಗೆ ನಿತ್ಯ ವಿಶ್ರಾಂತಿ ಬೇಡಿ, "ಆಮೆನ್" ಅಂದಳು.

ಆಮೇಲೆ ಗೊತ್ತಾಗಿ ಗೊಳ್ಳೆಂದು ನಕ್ಕರು. "ಆಯಸ್ಸು ಜಾಸ್ತಿ ಆಯ್ತು ಬಿಡಿ ನಿಮ್ಗೆ!" ಎಂದು ಸಂಘದ ಹೆಂಗಸರು ಅಕ್ಕನ ಕೆನ್ನೆ ಸವರಿದರು. ಫಾದರ್ ಬೆವರು ಒರೆಸಿಕೊಳ್ಳುತ್ತಾ ಸಾರಿ ಕೇಳಿದರು. ಅಕ್ಕ ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಬಗ್ಗಿ ತನ್ನ ಹೆಸರಿನ ಮೇಲೆ ತೋರುಬೆರಳು ಎಳೆದಳು. ಬಣ್ಣ ಇನ್ನೂ ಹಸಿ. ಬೆರಳು ಚಿನ್ನವಾಯಿತು. ಆಟೋದಲ್ಲಿ ಮನೆಯವರೆಗೂ ಆ ಬೆರಳನ್ನು ಯಾವುದಕ್ಕೂ ತಾಗಿಸದೆ ನೆಟ್ಟಗೆ ಹಿಡಿದುಕೊಂಡೇ ಬಂದಳು.

ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಸುತ್ತಲೂ ನೋಡಿದಳು, ಬೇರೆಯವರ ಮನೆಗೆ ಬಂದವರು ನೋಡುವಂತೆ. ಊಟಕ್ಕೆ ಕರೆದೆ.

"ನಂಗ್ಯಾಕೆ ಊಟ? ಪ್ರೇಯರ್ ಆಯ್ತಲ್ಲ" ಅಂದಳು.

"ಸಿಲ್ಲಿಯಾಗಿ ಆಡಬೇಡ ಅಕ್ಕ. ಯಾರೋ ತಪ್ಪಾಗಿ ಬಣ್ಣ ಬಳಿದ್ರು, ಫಾದರ್ ತಪ್ಪಾಗಿ ಓದಿದ್ರು."

"ತಪ್ಪಾಗಿ ಸತ್ತಿದೀನಿ ಅನ್ನು" ಎಂದು ಅಕ್ಕ ಶಾಂತವಾಗಿ ಹೇಳಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾರನೆಯ ದಿನವೂ ತಿನ್ನಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಚರ್ಚಿನಿಂದ ತಂದ ತೀರ್ಥದ ಬಾಟಲಿಯಿಂದ ಒಂದೊಂದು ಗುಟುಕು ನೀರು ಮಾತ್ರ. ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಹಾಲಿನ ಮೂಲೆಯ ಕುರ್ಚಿಯಲ್ಲಿ ಕೂರುವಳು. ನಾನು ಎದುರು ಹೋದರೆ ಕಾಲು ಹಿಂದಕ್ಕೆ ಸರಿಸಿ ದಾರಿ ಬಿಡುವಳು. ಮಧ್ಯಾಹ್ನದ ನಿಶ್ಶಬ್ದದಲ್ಲಿ ಅವಳು ಅಲ್ಲಿದ್ದಾಳೆಂಬುದೇ ಮರೆತು, ತಟ್ಟನೆ ಕಂಡು ಬೆಚ್ಚುತ್ತಿದ್ದೆ.

ಕ್ಲಿನಿಕ್ಕಿನ ಡಾಕ್ಟರ್ ಬಂದು ಬಿಪಿ ನೋಡಿ, ರಕ್ತ ತೆಗೆದುಕೊಂಡು ಹೋದರು. ವಯಸ್ಸಾದವರಲ್ಲಿ ಕೆಲವೊಮ್ಮೆ ಹೀಗಾಗುತ್ತದೆ, ಮಾತ್ರೆ ಕೊಡುತ್ತೇನೆ ಎಂದರು. "ಆದ್ರೆ ಮೇಡಂ, ಮಾತ್ರೆ ಕೆಲ್ಸ ಮಾಡೋವರ್ಗೂ ಇವ್ರು ಇರ್ಬೇಕಲ್ಲ. ಹೇಗಾದ್ರೂ ಊಟ ಒಳಗೆ ಹೋಗ್ಲಿ. ಇಲ್ಲಾಂದ್ರೆ ಅಡ್ಮಿಟ್ ಮಾಡಿ, ಮೂಗಿಗೆ ಟ್ಯೂಬ್ ಹಾಕ್ಬೇಕಾಗತ್ತೆ." ಭಾವ ಕೊನೆಯ ದಿನಗಳನ್ನು ಆ ಟ್ಯೂಬಿನಲ್ಲೇ ಕಳೆದವರು. ಅದನ್ನು ಕಿತ್ತುಕೊಳ್ಳದಂತೆ ಅವರ ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಅಕ್ಕನ ಕೈಯನ್ನು ಹಾಗೆ ಕಟ್ಟುವುದನ್ನು ನೆನೆದು ನನಗೆ ಡಾಕ್ಟರಿಗೆ ಕಾಫಿ ಕೊಡಲೂ ತೋಚಲಿಲ್ಲ.

ಫಾದರನ್ನು ಕರೆಸಿದೆ. ಅವರು ಪೂಜೆಯಲ್ಲಿ ಕೊಡುವ ಪರಮ ಪ್ರಸಾದವನ್ನೇ ತಂದರು.

"ನಂಗೆ ಬೇಡ ಫಾದರ್. ಜೀವ ಇರೋರಿಗೆ ಕೊಡಿ" ಅಂದಳು ಅಕ್ಕ.

"ಅಮ್ಮಾ, ನಾನು ಹೇಳ್ತಿದೀನಿ, ನೀವು ಬದುಕಿದೀರಿ."

"ನೀವೇ ತಾನೇ ಫಾದರ್ ಓದಿದ್ದು?"

ಪಾಪ, ಅವರಿಗೆ ಸೆಮಿನರಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಕ್ಕಿಲ್ಲ.

ಸಂಘದವರು ಥಿನ್ನರ್ ಹಾಕಿ ಅವಳ ಹೆಸರಿನ ಬಣ್ಣ ತಿಕ್ಕಿದರು. ತೋರಿಸಿದರೆ ಸರಿಹೋದಾಳೆಂದು ಅಕ್ಕನನ್ನು ತೋಟಕ್ಕೆ ಕರೆದುಕೊಂಡು ಹೋದೆ. ಮಧ್ಯಾಹ್ನ, ಯಾರೂ ಇರಲಿಲ್ಲ. ಅಕ್ಷರದ ಆಳದಲ್ಲಿ ಅಲ್ಲಲ್ಲಿ ಚಿನ್ನ ಉಳಿದೇ ಇತ್ತು, ಬಿಸಿಲಿಗೆ ಕಣ್ಣು ಮಿಟುಕಿಸುತ್ತಿತ್ತು.

"ನೋಡು, ಒರೆಸಿದ್ದಾರೆ" ಅಂದೆ.

"ಒರೆಸಿದ್ರೆ ಎದ್ದು ಬಂದುಬಿಡ್ತಾರಾ?" ಎಂದಳು ಅಕ್ಕ. ಆಮೇಲೆ, ಪಾಠ ತಿಳಿಯದ ಮಗುವಿಗೆ ಹೇಳುವ ಹಾಗೆ, "ಇಲ್ಲಿ ಯಾರ ಮೈಯೂ ಇಲ್ಲ ಕಣೇ. ಬರೀ ಹೆಸರು ತಾನೇ ಇರೋದು? ನಂದೂ ಇದೆ" ಎಂದಳು.

ಅವಳು ಸಾಲಿನ ಉದ್ದಕ್ಕೂ ನಿಧಾನವಾಗಿ ನಡೆದಳು. ಕೆಲವು ಕಲ್ಲುಗಳಿಗೆ ತಲೆಯಾಡಿಸಿದಳು, ಬಸ್ ಸ್ಟಾಪಿನಲ್ಲಿ ದಿನಾ ಕಾಣುವವರಿಗೆ ಆಡಿಸುವ ಹಾಗೆ. ಮೂಲೆಯ ಕಲ್ಲಿನ ಹತ್ತಿರ ನಿಂತು, "ಇವ್ರಿಗೆ ಯಾರೂ ಬರಲ್ಲ. ದಿನಾ ಗೇಟ್ ಕಡೆ ನೋಡ್ತಿರ್ತಾರೆ" ಅಂದಳು. ಗೋಡೆಯ ಆಚೆ ಯಾರೋ ಎಂಜಿನ್ ರೈಸ್ ಮಾಡಿದರು. ಅಕ್ಕ ಬಾಯಿಗೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿ, ಕಿವಿಗೊಟ್ಟು ಕೇಳಿದಳು. ಅರ್ಥವಾದಂತೆ "ಹೂಂ, ಹೂಂ" ಎಂದಳು.

ನಮ್ಮ ಮುಂದಿನ ಪೋರ್ಷನ್ನಿನಲ್ಲಿರುವ ಹೆಂಗಸು ಇಲ್ಲೇ ಬೆಂಗಳೂರಿನ ಅಂಚಿನ ಉಲ್ಲಾಳದ ಹಳೆಯ ಒಕ್ಕಲು ಮನೆತನದವಳು. ಗಟ್ಟಿ ದನಿ, ಗಟ್ಟಿ ಮನಸ್ಸು. ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಾಗ ಬಂದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ನಮ್ಮಲ್ಲಿ ಪಿತೃಪಕ್ಷಕ್ಕೆ ಸತ್ತೋರಿಗೆ ಎಡೆ ಇಡ್ತೀವಿ. ನಮ್ಮತ್ತೆಗೆ ನಾಟಿಕೋಳಿ ಸಾರು, ನಮ್ಮ ಮಾವಂಗೆ ಮುದ್ದೆ, ಪಕ್ಕದಲ್ಲೊಂದು ಕ್ವಾರ್ಟರ್ರು. ಸತ್ತೋರು ಊಟ ಮಾಡಲ್ಲ ಅಂತ ನಿಮ್ಮಕ್ಕಂಗೆ ಯಾರು ಹೇಳಿದ್ದು? ನಮ್ಮತ್ತೆ ಬದುಕಿದ್ದಾಗ್ಲೂ ಅಷ್ಟು ತಿಂತಿರ್ಲಿಲ್ಲ!"

"ಆದ್ರೆ ಅವಳು ಸತ್ತಿಲ್ವಲ್ಲಮ್ಮ."

"ಅದು ನಿಮ್ಗೆ ಗೊತ್ತು, ನಂಗೊತ್ತು. ಅವ್ರಿಗೆ ಗೊತ್ತಿಲ್ವಲ್ಲ ಆಂಟಿ."

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಸತ್ತವರಿಗೆ ಪ್ರೇಯರ್ ಬೇಕು, ಊಟ ಬೇಡ ಎಂದು. ಸೂಪರ್‌ಸ್ಟಿಷನ್ ಎಂಬ ಪದವನ್ನು ಹೇಳುವಾಗ ನಮ್ಮ ಐರಿಷ್ ಮದರ್ ಕೆಟ್ಟ ವಾಸನೆ ಬಂದವರಂತೆ ಮೂಗು ಸೊಟ್ಟ ಮಾಡುತ್ತಿದ್ದರು. ಆ ಮೂಗು ಆ ಹೊತ್ತು ನನ್ನ ಕಣ್ಣಿಗೆ ಕಟ್ಟಿತು. ಸಾರಿ ಮದರ್ ಎಂದುಕೊಂಡು, ಗೋಡೆಯಿಂದ ಅಕ್ಕನ ಫೋಟೋ ತೆಗೆದು ಒರೆಸಿದೆ.

ಆ ಹೆಂಗಸೇ ಎಲ್ಲ ಹೇಳಿಕೊಟ್ಟಳು. ಹಾಲ್‌ನಲ್ಲಿ ಮಣೆಯ ಮೇಲೆ ಫೋಟೋ, ಫೋಟೋಗೆ ಹೂವು. ನಾನು ಜಪಸರವನ್ನೂ ಹಾಕಿದೆ. ಮುಂದೆ ಬಾಳೆಯೆಲೆ. ಎಲೆಗೆ ಅಕ್ಕನಿಗೆ ಇಷ್ಟವಾದದ್ದೆಲ್ಲ: ಅನ್ನ, ಮಟನ್ ಸಾರು, ಬೀನ್ಸ್ ಪಲ್ಯ, ಒಂದು ಕಜ್ಜಾಯ. ದೀಪದ ಬದಲು ಕ್ಯಾಂಡಲ್. ಅಕ್ಕ ತನ್ನ ಕುರ್ಚಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವಳ ಕಡೆ ಯಾರೂ ತಿರುಗಬಾರದು, ಮಾತಾಡಿಸಬಾರದು ಎಂದು ಮೊದಲೇ ತಾಕೀತಾಗಿತ್ತು. ಆ ಹೆಂಗಸು ಫೋಟೋಗೆ ಕೈಮುಗಿದು, "ದೊಡ್ಡಮ್ಮ, ಬಂದು ಊಟ ಮಾಡ್ಕೊಂಡು ಹೋಗಿ" ಅಂದಳು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಇಬ್ಬರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಇಣುಕಬಾರದು ಎಂದಳು.

ಮೆಟ್ಟಿಲ ಮೇಲೆ ಕೂತೆವು. ಬೀದಿಯಲ್ಲಿ ಸ್ಕೂಟರುಗಳು ಹೋಗುತ್ತಿದ್ದವು. ಮೊದಲು ಒಳಗಿನಿಂದ ಏನೂ ಕೇಳಲಿಲ್ಲ. ಆಮೇಲೆ ಕುರ್ಚಿ ಕಿರ್ರೆಂದಿತು. ಬಳೆಯ ಸದ್ದು. ಎಲೆಯ ಮೇಲೆ ಬೆರಳು ಸವರುವ ಸದ್ದು. ಸತ್ತವಳು ಉಣ್ಣುವುದನ್ನು ಬಾಗಿಲ ಈಚೆ ಕೂತು ಕೇಳುತ್ತಿದ್ದೇನೆಂದು ಅನಿಸಿ ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು. ಅದೇ ಹೊತ್ತಿಗೆ ಸಂತೋಷದಿಂದ ಕಣ್ಣಲ್ಲಿ ನೀರೂ ಬಂತು.

ಬಾಗಿಲು ತಟ್ಟಿ ಒಳಗೆ ಹೋದಾಗ ಅಕ್ಕ ಕುರ್ಚಿಯಲ್ಲೇ ಇದ್ದಳು, ಏನೂ ನಡೆದಿಲ್ಲವೆಂಬಂತೆ. ಎಲೆ ಖಾಲಿ. ಅದನ್ನು ತನ್ನ ಕಡೆಗಲ್ಲ, ಆಚೆ ಕಡೆಗೆ ಮಡಿಸಿದ್ದಳು, ಸಾವಿನ ಮನೆಯ ಊಟದಲ್ಲಿ ಮಡಿಸುವ ಹಾಗೆ.

ಅಂದಿನಿಂದ ಅದೇ ನಮ್ಮ ಮನೆಯ ಪದ್ಧತಿಯಾಯಿತು. ತಟ್ಟೆಗೆ ಹಾಕಿದರೆ ಮುಟ್ಟುವುದಿಲ್ಲ, ಎಲೆಯೇ ಬೇಕು. ನಾನು ಎದುರಿಗಿದ್ದರೆ ಮುಟ್ಟುವುದಿಲ್ಲ, ಬಾಗಿಲು ಮುಚ್ಚಬೇಕು. ಮಾತ್ರೆಯನ್ನು ಪುಡಿ ಮಾಡಿ ಸಾರಿಗೆ ಸೇರಿಸುತ್ತಿದ್ದೆ. ಅಕ್ಕನ ಕೆನ್ನೆ ತುಂಬಿಕೊಂಡಿತು. "ವೆರಿ ಗುಡ್! ಏನು ಕೊಡ್ತಿದೀರಿ ಮೇಡಂ?" ಎಂದು ಡಾಕ್ಟರ್ ಕೇಳಿದರು. "ಮನೆ ಊಟ" ಎಂದೆ.

ನೋಡಲು ಬಂದವರ ಪಾಡು ಬೇರೆ. ಹಾಲಿಗೆ ಕಾಲಿಟ್ಟ ಕೂಡಲೇ ಹೂವು, ಕ್ಯಾಂಡಲ್, ಫೋಟೋ ಕಾಣುವುದು. "ಅಯ್ಯೋ, ಯಾವಾಗ್ ಹೋದ್ರು? ಒಂದು ಮಾತು ಹೇಳ್ಬಾರ್ದಾ?" ಎಂದು ಹಳೆಯ ಸಹೋದ್ಯೋಗಿಯೊಬ್ಬಳು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ಬೆನ್ನ ಹಿಂದಿನ ಕುರ್ಚಿಯಲ್ಲಿ ಅಕ್ಕ ಸಮಾಧಾನದಿಂದ ತಲೆಯಾಡಿಸುತ್ತಿದ್ದಳು. ತಿರುಗಿ ನೋಡಿದ ಆಕೆ ಕಿರುಚಿದ ಕಿರುಚಿಗೆ ಪಕ್ಕದ ಮನೆಯ ನಾಯಿ ಸಂಜೆಯವರೆಗೂ ಬೊಗಳಿತು. ಇದನ್ನು ಬರೆಯುವಾಗ ನಗು ಬರುತ್ತದೆ. ಅಂದು ನನಗೆ ನಗು ಬರಲಿಲ್ಲ. ಯಾಕೆಂದರೆ ಆಕೆ ಅಳುತ್ತಿದ್ದಾಗ ನಾನೂ ಅತ್ತಿದ್ದೆ, ನಿಜವಾಗಿಯೇ ಅತ್ತಿದ್ದೆ. ತರಕಾರಿಯವನ ಹತ್ತಿರ "ನಮ್ಮಕ್ಕಂಗೆ ಹೀರೇಕಾಯಿ ಅಂದ್ರೆ ಇಷ್ಟ ಇತ್ತು" ಎಂದು ಹೇಳಿ, ನಾಲಿಗೆ ಕಚ್ಚಿಕೊಂಡದ್ದೂ ಉಂಟು.

ಬೇಸಿಗೆಯ ಒಂದು ಬೆಳಿಗ್ಗೆ ಅಕ್ಕ, ನನಗಲ್ಲ, ಗೋಡೆಗೆ ಹೇಳುವಂತೆ ಹೇಳಿದಳು: "ನಂಗೊಬ್ಬಳಿಗೇ ಹಾಕಿದ್ರೆ ಹೆಂಗೆ? ಅವ್ರೂ ಬರ್ತಾರೆ. ಅವ್ರಿಗೊಂದು ಎಲೆ ಹಾಕು."

ಭಾವನ ಫೋಟೋ ಪಕ್ಕದಲ್ಲಿಟ್ಟೆ. ಇನ್ನೊಂದು ಎಲೆ ಹಾಕಿದೆ. ಅವರಿಗೆ ಇಷ್ಟವೆಂದು ಒಣಮೀನು ತಂದು, ಮೂಗು ಮುಚ್ಚಿಕೊಂಡು ಹುರಿದೆ. ಬಾಗಿಲು ಮುಚ್ಚಿ, ಮೆಟ್ಟಿಲ ಮೇಲೆ ಕೂತು ಕಾದೆ. ಹಿಂದಿರುಗಿದಾಗ ಎರಡೂ ಎಲೆ ಖಾಲಿ. ಭಾವನ ಎಲೆಯಲ್ಲಿ ಮೀನಿನ ಮುಳ್ಳುಗಳು ಅಂಚಿಗೆ ಒತ್ತಾಗಿ, ಒಂದರ ಪಕ್ಕ ಒಂದು, ನೀಟಾಗಿ ಜೋಡಿಸಿಟ್ಟಂತಿದ್ದವು. ಭಾವ ಹಾಗೆಯೇ ಜೋಡಿಸುತ್ತಿದ್ದರು.

"ಮೀನು ನೀನು ತಿಂದ್ಯಾ?" ಎಂದು ಎಡೆಯ ನಿಯಮ ಮರೆತು ಅಕ್ಕನನ್ನೇ ಕೇಳಿಬಿಟ್ಟೆ.

"ಛೀ! ನಾನಾ?" ಎಂದಳು ಅಕ್ಕ, ಮುಖ ಕಿವಿಚಿ. ನಾನು ಅವಳ ಬೆರಳುಗಳನ್ನು ಮೂಸಿ ನೋಡಬಹುದಿತ್ತು. ನೋಡಲಿಲ್ಲ. ಎಲೆಗಳನ್ನು ಎತ್ತಿ ಹಾಕಿ ನೆಲ ಒರೆಸಿದೆ. ಮತ್ತೆ ಒಣಮೀನು ತರಲಿಲ್ಲ.

ಮತ್ತೆ ನವೆಂಬರ್ ಬಂತು. ಅಕ್ಕನ ಹೆಸರನ್ನು ಈ ಸಲ ಸಂಘದವರು ತಾವೇ ಟೇಪ್ ಹಾಕಿ ಮುಚ್ಚಿದ್ದರು. ಅದನ್ನು ಹಿಂದಿನ ಭಾನುವಾರವೇ ನೋಡಿದ ಅಕ್ಕ ಮಂಕಾದಳು. ಮೂರು ಹೊತ್ತು ಎಲೆ ಹಾಗೆಯೇ ಉಳಿಯಿತು, ಸಾರಿನ ಮೇಲೆ ಕೆನೆ ಕಟ್ಟಿತು.

"ಈ ವರ್ಷ ನನ್ನ ಹೆಸರು ಓದ್ದೇ ಇದ್ರೆ ನಾನ್ಯಾರು ಕಣೇ? ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಯಾರ ಮನೆ ಎಲೆ ಅಂತ ಕೂತ್ಕೊಳ್ಳಿ?"

ಫಾದರ್ ಹತ್ತಿರ ಹೋಗಿ ಬೇಡಿಕೊಂಡೆ. ಎಲ್ಲ ಕೇಳಿ ಅವರು ಕಣ್ಣು ಒರೆಸಿಕೊಂಡರು. ಆದರೆ, "ಬದುಕಿರೋರಿಗೆ ಗೊತ್ತಿದ್ದೂ ಗೊತ್ತಿದ್ದೂ ಆ ಪ್ರಾರ್ಥನೆ ಹೇಳಕ್ಕಾಗಲ್ಲಮ್ಮ. ಒಂದ್ಸಲ ಹೇಳಿ ಆಗಿರೋದೇ ಸಾಕು" ಎಂದರು. ಅವರದು ತಪ್ಪಲ್ಲ.

ಸಂಜೆ ತೋಟದಲ್ಲಿ ಕ್ಯಾಂಡಲ್‌ಗಳು ಉರಿಯುತ್ತಿದ್ದವು. ಅಕ್ಕ ನನ್ನ ತೋಳು ಹಿಡಿದು ನಿಂತಿದ್ದಳು. ಆ ತೋಳಿನ ಮೇಲೆ ಅವಳ ಭಾರವೇ ಇರಲಿಲ್ಲ. ಫಾದರ್ ನಮ್ಮ ಕಲ್ಲಿನ ಮುಂದೆ ಬಂದರು, ಭಾವನ ಹೆಸರು ಓದಿದರು, ನನ್ನ ಕಡೆ ನೋಡದೆ ಮುಂದಕ್ಕೆ ಹೆಜ್ಜೆ ಇಟ್ಟರು. ಅಕ್ಕನ ಬೆರಳುಗಳು ನನ್ನ ತೋಳಿನಿಂದ ಒಂದೊಂದಾಗಿ ಸಡಿಲವಾದವು.

ನಾನು ಅಕ್ಕನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಅವಳ ಪೂರ್ತಿ ಹೆಸರು, ಭಾವನ ಹೆಸರಿನ ಸಮೇತ, ಕ್ಲಾಸಿನಲ್ಲಿ ಅಟೆಂಡೆನ್ಸ್ ಕರೆಯುವ ದನಿಯಲ್ಲಿ. ಎಲ್ಲರೂ ನನ್ನ ಕಡೆ ತಿರುಗಿದರು. ಯಾರೂ ಬಾಯಿ ಬಿಡಲಿಲ್ಲ. "ಪ್ರಭುವೇ, ಇವಳಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ" ಎಂದು ಅದನ್ನೂ ನಾನೊಬ್ಬಳೇ ಹೇಳಿದೆ. ಕೈ ಹಿಡಿದು ಶಾಲೆಗೆ ಕರೆದೊಯ್ದ ಅಕ್ಕ, ನನಗೆ ಜಡೆ ಹಾಕಿದ ಅಕ್ಕ. ಅವಳು ಇನ್ನೂ ನಾಲ್ಕು ದಿನ ಉಣ್ಣಲಿ ಎಂದು ಅವಳನ್ನು ನನ್ನ ಬಾಯಿಂದಲೇ ಸತ್ತವರಲ್ಲಿ ಸೇರಿಸಿದೆ.

"ಆಮೆನ್" ಎಂದಳು ಅಕ್ಕ. ಅವಳ ಹಿಡಿತ ಮತ್ತೆ ಬಿಗಿಯಾಯಿತು. ಕಿವಿಯ ಹತ್ತಿರ ಬಾಯಿ ತಂದಳು.

"ಹಸಿವಾಗ್ತಿದೆ ಕಣೇ" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ನಿಂದೂ ಓದ್ಬಿಡೇ. ಇಬ್ರೂ ಒಟ್ಟಿಗೆ ಕೂತು ಊಟ ಮಾಡಿ ಎಷ್ಟು ದಿನ ಆಯ್ತು!"

ನನ್ನ ಹೆಸರು ಬಾಯಿಯವರೆಗೂ ಬಂತು. ಸುಳ್ಳು ಹೇಳುವುದಿಲ್ಲ, ಬಂದಿತ್ತು. ಅವಳ ಪಕ್ಕ ಇನ್ನೊಂದು ಎಲೆ ಹಾಕಿಕೊಂಡು, ಬಾಗಿಲಿನ ಒಳಗಡೆಯೇ ಕೂತುಬಿಡುವುದು ಆ ಹೊತ್ತಿಗೆ ಬಹಳ ಸುಲಭವಾಗಿ ಕಂಡಿತು.

"ನಾನೂ ಬಂದ್ಬಿಟ್ರೆ ಅಡುಗೆ ಮಾಡಿ ಎಲೆ ಹಾಕೋರು ಯಾರೇ?" ಎಂದೆ.

ಅಕ್ಕ ಯೋಚಿಸಿದಳು. "ಹೂಂ, ಅದೂ ಸರಿ" ಎಂದಳು. ಆಮೇಲೆ ನನ್ನ ಕೆನ್ನೆಯನ್ನು ಕೈಯಿಂದ ಸವರಿ, ಹಿಂದೆ ಉಳಿದವರನ್ನು ನೋಡುವ ಕನಿಕರದಿಂದ, ಬಹಳ ಹೊತ್ತು ನನ್ನನ್ನೇ ನೋಡಿದಳು.